ಒಪ್ಪಿಗೆ ಯಾರದು?

ಗರ್ಭಕೋಶದ ಗಡ್ಡೆ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ವೈದ್ಯರು ಫೈಬ್ರಾಯ್ಡ್ ಎನ್ನುವ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಆದರೆ ಗರ್ಭಕೋಶದ ಅದೇ ಸ್ನಾಯುವಿನಲ್ಲಿ ಲಿಯೋಮಯೋಸಾರ್ಕೋಮಾ ಎಂಬ ಅಪರೂಪದ, ಉಗ್ರವಾದ ಕ್ಯಾನ್ಸರ್ ಕೂಡ ಹುಟ್ಟುವುದುಂಟು. ಶಸ್ತ್ರಚಿಕಿತ್ಸೆಗೆ ಮೊದಲೇ ಇವೆರಡನ್ನೂ ಖಚಿತವಾಗಿ ಬೇರೆಬೇರೆ ಗುರುತಿಸುವುದು ಕಷ್ಟ. ಕ್ಯಾನ್ಸರ್ ಆಗಿದ್ದರೆ ಗರ್ಭಕೋಶವನ್ನು ಚೂರು ಮಾಡದೆ ಇಡಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ.

2013ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಆಮಿ ರೀಡ್ ಎಂಬವರಿಗೆ ಫೈಬ್ರಾಯ್ಡ್ ಎಂದೇ ಶಸ್ತ್ರಚಿಕಿತ್ಸೆ ನಡೆಯಿತು. ಸಣ್ಣ ರಂಧ್ರದ ಮೂಲಕ ಯಂತ್ರ ಹಾಯಿಸಿ ಗರ್ಭಕೋಶವನ್ನು ಚೂರು ಚೂರಾಗಿ ಹೊರತೆಗೆಯಲಾಯಿತು. ಆ ಚೂರುಗಳನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಕಂಡಿತು. ಇಂತಹ ಯಂತ್ರ ರೋಗವನ್ನು ಹೊಟ್ಟೆಯೊಳಗೆ ಚದುರಿಸಬಲ್ಲದು. ಆರು ಮಕ್ಕಳ ತಾಯಿಯಾದ ಅವರು ಸ್ವತಃ ಅರಿವಳಿಕೆ ತಜ್ಞೆ. ಆದರೂ ಈ ಅಪಾಯವನ್ನು ತಮಗೆ ಮೊದಲೇ ತಿಳಿಸಿರಲಿಲ್ಲ ಎಂಬುದು ಅವರ ದೂರಾಗಿತ್ತು. ಫೈಬ್ರಾಯ್ಡ್‌ಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಹೀಗೆ ಅಡಗಿದ ಸಾರ್ಕೋಮಾ ಇರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅಂದಾಜಿಸಿ, ಆ ಯಂತ್ರದ ಬಳಕೆಯ ಬಗ್ಗೆ ಎಚ್ಚರಿಸಿತು. ಆಮಿ ರೀಡ್ 2017ರಲ್ಲಿ ತೀರಿಕೊಂಡರು.

ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯೇ ತಪ್ಪೆಂದು ನಾವು ಹೇಳುವುದಿಲ್ಲ. ನೋವು ಕಡಿಮೆ, ಬೇಗನೆ ಮನೆಗೆ ಮರಳಬಹುದು. ಕೂಲಿ ಮಾಡಿ ಬದುಕುವ ಹೆಣ್ಣಿಗೆ ಇದು ಸಣ್ಣ ಲಾಭವಲ್ಲ. ಪ್ರಶ್ನೆ ಇರುವುದು, ಈ ಲಾಭವನ್ನೂ ಆ ಅಪಾಯವನ್ನೂ ತೂಗಿ ನೋಡುವ ಹಕ್ಕು ಯಾರಿಗೆ ಎಂಬುದರಲ್ಲಿ. ವೈದ್ಯರ ಮುಂದೆ 350 ಮಂದಿಯಿದ್ದಾರೆ, ಅವಳಿಗಿರುವುದು ಒಂದೇ ಜೀವ. ‘ಹೇಳಿದರೆ ಹೆದರುತ್ತಾಳೆ’ ಎಂಬ ಕನಿಕರದಲ್ಲಿ ಅವಳ ಪರವಾಗಿ ಬೇರೆಯವರು ತೀರ್ಮಾನ ಮಾಡಿಬಿಡುತ್ತಾರೆ.

ಈ ವಿಷಯದಲ್ಲಿ ವೈದ್ಯರನ್ನು ಮಾತ್ರ ದೂರಿ ಫಲವಿಲ್ಲ. ನಮ್ಮಲ್ಲಿ ಗಂಡನೋ ಅಣ್ಣನೋ ವೈದ್ಯರ ಮಾತು ಕೇಳಿ, ಕಾಗದಕ್ಕೆ ಸಹಿ ಹಾಕುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತವಳಿಗೆ ‘ಒಂದು ಸಣ್ಣ ಆಪರೇಷನ್’ ಎಂದಷ್ಟೇ ತಿಳಿಯುತ್ತದೆ. ಇದಕ್ಕೆ ನಾವು ಹಯಾ ಎಂದು ಹೆಸರಿಟ್ಟಿದ್ದೇವೆ. ಆದರೆ ದೇಹಕ್ಕೆ ಸಂಬಂಧಿಸಿದ ವಿಷಯಗಳನ್ನೂ ಕೇಳಿ ತಿಳಿದುಕೊಳ್ಳಲು ಹಿಂಜರಿಯದಿದ್ದ ಮದೀನಾದ ಅನ್ಸಾರಿ ಸ್ತ್ರೀಯರನ್ನು ಹಜ್ರತ್ ಆಯಿಷಾ ಮೆಚ್ಚಿಕೊಂಡಿದ್ದರು. ನಮ್ಮ ದೇಶದ ಕಾನೂನೂ ಅವಳ ಪರವಾಗಿದೆ. ತಾಯಿಯ ಒಪ್ಪಿಗೆಯ ಮೇಲೆ ಮಗಳ ಗರ್ಭಕೋಶ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ವಯಸ್ಕ ಹೆಣ್ಣಿನ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು.

ಆದ್ದರಿಂದ ಮನೆಯ ಹೆಣ್ಣುಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನಾವು ಮಾಡಬೇಕಾದದ್ದು ಇಷ್ಟು: ವೈದ್ಯರೆದುರು ಅವಳನ್ನೇ ಕೂರಿಸೋಣ. ಗಡ್ಡೆಯನ್ನು ಹೇಗೆ ತೆಗೆಯುತ್ತೀರಿ, ಅದು ಕ್ಯಾನ್ಸರ್ ಆಗಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ ಎಂದು ಅವಳೇ ಕೇಳಲಿ. ಉತ್ತರ ಕೇಳಿ ಅವಳು ಹೆದರಿದರೆ ನಾವು ಪಕ್ಕದಲ್ಲಿರೋಣ. ಸಹಿ ಮಾತ್ರ ಅವಳದೇ ಆಗಿರಲಿ.