ಪಟ್ಟಿಯಲ್ಲಿಟ್ಟ ಸಂಕಲ್ಪ

ಮಾಡಬೇಕಾದ ಕೆಲಸಗಳನ್ನು ಮನಸ್ಸಿನಲ್ಲಿ ಹೊತ್ತು ತಿರುಗುವುದಕ್ಕಿಂತ ಬರೆದಿಟ್ಟು ನಿಶ್ಚಿಂತರಾಗುವುದು ಲೇಸೆಂಬ ನಂಬಿಕೆಯ ಮೇಲೆ ಕಾರ್ಯಪಟ್ಟಿಯ ತಂತ್ರಾಂಶಗಳೆಲ್ಲ ನಿಂತಿವೆ. ಬೆಳಿಗ್ಗೆ ಆಂಡ್ರಾಯ್ಡ್ ಫೋನಿನಲ್ಲಿ ಬರೆದದ್ದು ಮಧ್ಯಾಹ್ನ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿಯೂ ರಾತ್ರಿ ಮನೆಯ ಐಪ್ಯಾಡಿನಲ್ಲಿಯೂ ಹಾಗೆಯೇ ಕಾಣಬೇಕೆಂಬ ಅಗತ್ಯದಿಂದ ಬಹುವೇದಿಕೆಯ ಸಾಧನಗಳು, ಎಂದರೆ ಒಂದೇ ಪಟ್ಟಿಯನ್ನು ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ತಾಳೆಯಾಗಿ ಇರಿಸುವ ತಂತ್ರಾಂಶಗಳು, ಬಳಕೆಗೆ ಬಂದವು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಮೇಲ್ನೋಟಕ್ಕೆ ಬೆಲೆ ಮತ್ತು ಸೌಲಭ್ಯಗಳ ವಿಚಾರವಷ್ಟೇ. ಆದರೆ ಪಟ್ಟಿಯೊಳಗಿರುವುದು ವ್ಯಕ್ತಿಯ ಸಂಕಲ್ಪಗಳೇ ಆದುದರಿಂದ, ಹೊರಗಿನ ವಸ್ತುವಿನಲ್ಲಿ ಇರಿಸಿದ ನೆನಪನ್ನು ಆ ವ್ಯಕ್ತಿಯ ನೆನಪೆಂದೇ ಎಣಿಸಬಹುದೇ ಎಂಬ ತಾತ್ತ್ವಿಕ ಪ್ರಶ್ನೆಯನ್ನು ಈ ಆಯ್ಕೆ ಎದುರಿಸಲೇಬೇಕಾಗುತ್ತದೆ.

ನ್ಯಾಯದರ್ಶನ ಇದನ್ನು ಒಪ್ಪುವುದಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹದ ಪ್ರಕಾರ ಸ್ಮೃತಿಯು ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನ. ಸಂಸ್ಕಾರವೆಂದರೆ ಹಿಂದಿನ ಅನುಭವವು ಆತ್ಮದಲ್ಲಿ ಉಳಿಸಿಹೋದ ಅಚ್ಚು. ಪರದೆಯ ಮೇಲಿನ ಅಕ್ಷರಗಳನ್ನು ಕಂಡಾಗ ಆಗುವುದು ಪ್ರತ್ಯಕ್ಷಜ್ಞಾನವೇ ಹೊರತು ಸ್ಮೃತಿಯಲ್ಲ. ಆ ಅಕ್ಷರಗಳು ಹೆಚ್ಚೆಂದರೆ ಉದ್ಬೋಧಕ, ಎಂದರೆ ಒಳಗೆ ಮಲಗಿರುವ ಸಂಸ್ಕಾರವನ್ನು ಎಬ್ಬಿಸುವ ನಿಮಿತ್ತ. ಆರು ತಿಂಗಳ ಹಿಂದೆ ಬರೆದ ‘ಅವರಿಗೆ ಫೋನ್ ಮಾಡುವುದು’ ಎಂಬ ಸಾಲನ್ನು ಓದಿ, ಯಾರಿಗೆ, ಏತಕ್ಕೆ ಎಂದು ತಿಳಿಯದೆ ತಬ್ಬಿಬ್ಬಾಗುವವರ ಸ್ಥಿತಿಯನ್ನು ಈ ವಿವರಣೆ ಚೆನ್ನಾಗಿ ಹಿಡಿಯುತ್ತದೆ: ಉದ್ಬೋಧಕ ಉಳಿದಿದೆ, ಎಬ್ಬಿಸಬೇಕಾದ ಸಂಸ್ಕಾರ ಅಳಿದಿದೆ.

ಇದಕ್ಕೆ ಎದುರಾದ ವಾದವನ್ನು ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ 1998ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಅವರು ಕಲ್ಪಿಸಿದ ಆಟೊ ಎಂಬ ವ್ಯಕ್ತಿಗೆ ಆಲ್‌ಝೈಮರ್ ಕಾಯಿಲೆಯಿದ್ದು, ನ್ಯೂಯಾರ್ಕಿನ ಕಲಾಸಂಗ್ರಹಾಲಯ ಎಲ್ಲಿದೆಯೆಂಬುದನ್ನು ಅವನು ಸದಾ ಜೊತೆಗಿರುವ ಟಿಪ್ಪಣಿ ಪುಸ್ತಕದಲ್ಲಿ ನೋಡಿ ಹೊರಡುತ್ತಾನೆ. ಆ ಪುಸ್ತಕ ಯಾವಾಗಲೂ ಕೈಗೆಟುಕುವಂತಿದ್ದು, ಬೇಕಾದದ್ದು ತಡವಿಲ್ಲದೆ ಸಿಗುವಂತಿದ್ದು, ಅದರಲ್ಲಿರುವುದನ್ನು ಅವನು ಶಂಕಿಸದೆ ನಂಬುವಂತಿದ್ದರೆ, ಅದು ಅವನ ಮನಸ್ಸಿನ ಭಾಗವೇ ಎಂಬುದು ಅವರ ನಿಲುವು. ನ್ಯಾಯದ ಆಕ್ಷೇಪಕ್ಕೆ ಇದು ಪೂರ್ತಿ ಸಮಾಧಾನವಲ್ಲ. ಆದರೂ ಸಾಧನದ ಆಯ್ಕೆಗೆ ಈ ನಿಬಂಧನೆಗಳಷ್ಟು ಖಚಿತವಾದ ಒರೆಗಲ್ಲು ಸೌಲಭ್ಯಗಳ ಯಾವ ಪಟ್ಟಿಯಲ್ಲೂ ಸಿಗದು. ಫೋನಿನಲ್ಲಿ ಮುಗಿದ ಕೆಲಸ ಕಂಪ್ಯೂಟರಿನಲ್ಲಿ ಬಾಕಿಯೆಂದು ತೋರಿದರೆ ನಂಬಿಕೆ ಮುರಿಯುತ್ತದೆ. ನಂಬಿಕೆ ಮುರಿದ ಮೇಲೆ ಬಳಕೆದಾರರು ಕೆಲಸಗಳನ್ನು ಮತ್ತೆ ತಲೆಯಲ್ಲಿ ಇಟ್ಟುಕೊಳ್ಳತೊಡಗುತ್ತಾರೆ, ಪಟ್ಟಿ ನಿರರ್ಥಕವಾಗುತ್ತದೆ.

ಆಟೊನ ಪುಸ್ತಕ ಆಟೊನದೇ ಆಗಿತ್ತು. ಹೀಗಾಗಿ ಒಡೆತನದ ಪ್ರಶ್ನೆ ಆ ತತ್ತ್ವಜ್ಞರಿಗೆ ಎದುರಾಗಲಿಲ್ಲ. ಬರ್ಲಿನ್ನಿನ ಸಂಸ್ಥೆಯೊಂದು ರೂಪಿಸಿದ ವಂಡರ್‌ಲಿಸ್ಟ್ ಎಂಬ ಜನಪ್ರಿಯ ಸಾಧನವನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ 6ರಂದು ಅದನ್ನು ನಿಲ್ಲಿಸಿತು. ಪಟ್ಟಿಗಳನ್ನು ತನ್ನದೇ ‘ಟು ಡೂ’ ತಂತ್ರಾಂಶಕ್ಕೆ ಸಾಗಿಸುವ ದಾರಿಯನ್ನು ಆ ಕಂಪನಿ ಒದಗಿಸಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಮನಸ್ಸಿನ ಭಾಗವೆನಿಸಿದ್ದನ್ನು ಎಂದು ಮುಚ್ಚಬೇಕೆಂಬ ನಿರ್ಧಾರ ಆ ಮನಸ್ಸಿನದಾಗಿರಲಿಲ್ಲ. ಆದುದರಿಂದ ಮುಕ್ತ ಮಾನಕವನ್ನು ಅನುಸರಿಸುವ ಸಾಧನಕ್ಕೆ, ಅದರ ಅಂದ ತುಸು ಕಡಿಮೆಯಿದ್ದರೂ, ಹೆಚ್ಚಿನ ತೂಕ ಸಲ್ಲಬೇಕು. 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾದ ಐಕ್ಯಾಲೆಂಡರ್ ಮಾನಕ ಅಂಥದು. ಕೆಲಸದ ನಮೂದನ್ನು ಯಾವ ತಂತ್ರಾಂಶವಾದರೂ ಓದಬಲ್ಲ ರೂಪದಲ್ಲಿ ಅದು ವಿಧಿಸುತ್ತದೆ, ನೆಕ್ಸ್ಟ್‌ಕ್ಲೌಡ್‌ನಂಥ ವ್ಯವಸ್ಥೆಗಳು ಅದನ್ನು ಬಳಸುತ್ತವೆ.

ಒಡೆತನ ನಿಶ್ಚಯವಾದರೂ, ಪಟ್ಟಿಯಲ್ಲಿರುವುದೆಲ್ಲ ಒಂದೇ ಬಗೆಯ ಕರ್ತವ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಮೀಮಾಂಸಕರು ಕರ್ಮಗಳನ್ನು ಸಂಧ್ಯಾವಂದನೆಯಂತೆ ತಪ್ಪದೆ ಮಾಡಬೇಕಾದ ನಿತ್ಯ, ಗ್ರಹಣಸ್ನಾನದಂತೆ ಸಂದರ್ಭ ಒದಗಿದಾಗ ಮಾಡಬೇಕಾದ ನೈಮಿತ್ತಿಕ, ಫಲ ಬೇಕೆಂದವರು ಮಾತ್ರ ಕೈಗೊಳ್ಳುವ ಕಾಮ್ಯ ಎಂದು ವಿಂಗಡಿಸಿದರು. ನಿತ್ಯವನ್ನು ಬಿಟ್ಟರೆ ಪ್ರತ್ಯವಾಯ, ಎಂದರೆ ದೋಷ, ಉಂಟು. ಕಾಮ್ಯವನ್ನು ಕೈಗೊಳ್ಳದಿದ್ದರೆ ಫಲವಿಲ್ಲವೆಂಬುದಷ್ಟೇ, ದೋಷವಿಲ್ಲ. ಈಗಿನ ತಂತ್ರಾಂಶಗಳಲ್ಲಿ ಬಹುಪಾಲು ಈ ಭೇದವನ್ನು ಅರಿಯವು. ತಾಯಿಯ ಔಷಧ ತರುವುದೂ, ಎಂದಾದರೂ ಕಲಿಯಬೇಕೆಂದುಕೊಂಡ ವೀಣೆಯೂ ದಿನಾಂಕ ಮೀರಿದೊಡನೆ ಒಂದೇ ಕೆಂಪು ಬಣ್ಣ ತಾಳುತ್ತವೆ. ಆಸೆಯೆಲ್ಲ ಋಣವಾಗಿ ಕಾಣತೊಡಗುತ್ತದೆ. ಯಂತ್ರವು ಮನಸ್ಸಿಗೆ ಮಾಡುವ ಈ ಅನ್ಯಾಯ ಸಣ್ಣದಲ್ಲ, ಸಾಧನಗಳ ವಿಮರ್ಶೆಗಳಲ್ಲಿ ಅದರ ಚರ್ಚೆ ತೀರ ವಿರಳ.

ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತೊಡಗಿದ ಕಾಮ್ಯಯಾಗವನ್ನು ಫಲದ ಆಸೆ ತೀರಿದರೂ ಮುಗಿಸಲೇಬೇಕೆಂದು ಅಲ್ಲಿ ನಿರ್ಣಯಿಸಲಾಗಿದೆ. ಲೌಕಿಕ ಕೆಲಸಕ್ಕೆ ಮಾತ್ರ ಆ ಕಟ್ಟಿಲ್ಲ, ತೊಡಗಿದವನು ಬೇಡವೆನಿಸಿದರೆ ಬಿಡಬಹುದು. ಜನಪ್ರಿಯ ಸಾಧನಗಳಲ್ಲಿ ಹಲವು ಮುಗಿಯಿತು ಎಂಬ ಗುರುತನ್ನೂ ಅಳಿಸುವ ಗುಂಡಿಯನ್ನೂ ಕೊಡುತ್ತವೆಯೇ ಹೊರತು, ಯೋಚಿಸಿ ಕೈಬಿಟ್ಟದ್ದನ್ನು ಹಾಗೆಂದೇ ದಾಖಲಿಸಲು ಬಿಡುವುದಿಲ್ಲ. ಐಕ್ಯಾಲೆಂಡರ್ ಮಾನಕದಲ್ಲಿ, ಅದನ್ನು ಬರೆದ ಎಂಜಿನಿಯರುಗಳಿಗೆ ಮೀಮಾಂಸೆಯ ಗಾಳಿ ಸೋಕಿರಲಾರದಾದರೂ, ಬಾಕಿ, ನಡೆಯುತ್ತಿದೆ, ಮುಗಿದಿದೆ ಎಂಬ ಸ್ಥಿತಿಗಳ ಜೊತೆಗೆ ರದ್ದಾಗಿದೆ ಎಂಬ ನಾಲ್ಕನೆಯದಕ್ಕೂ ಸ್ಥಾನವಿದೆ.