ಮಹಾಮನೆಯ ಎತ್ತರ



ಮನೆಯು ಗೃಹಸ್ಥಧರ್ಮಕ್ಕೆ ಆಧಾರವಾದುದು. ಮಳೆ ಬಿಸಿಲುಗಳಿಂದ ಮೈಯನ್ನು ಕಾಯಲು, ಲಿಂಗಪೂಜೆಗೆ ನೆಮ್ಮದಿಯ ಎಡೆಯಾಗಲು, ಬಂದ ಜಂಗಮಕ್ಕೆ ಅನ್ನವನ್ನಿಕ್ಕಲು ಮನೆ ಬೇಕು. ಶರಣರು ಮನೆಯನ್ನು ಹಳಿಯಲಿಲ್ಲ. ಅದರ ಹಿರಿಮೆಯನ್ನು ಅಳೆಯುವ ಕೋಲು ಯಾವುದೆಂಬುದನ್ನು ತಿಳಿಸಿಕೊಟ್ಟರು.

ಅರಬ್ಬೀ ಸಮುದ್ರತೀರದ ಮುಂಬಯಿಯಲ್ಲಿ, ಲೋವರ್ ಪರೇಲ್ ಎಂಬಲ್ಲಿ, ಸಿರಿವಂತರ ವಾಸಕ್ಕಾಗಿ ಕಟ್ಟಿದ ‘ವರ್ಲ್ಡ್ ಒನ್’ ಎಂಬ ಗಗನಚುಂಬಿ ಸೌಧವಿದೆ. 2010ರಲ್ಲಿ ಅದರ ಯೋಜನೆಯನ್ನು ಸಾರಿದಾಗ 117 ಅಂತಸ್ತು, 442 ಮೀಟರು ಎತ್ತರವೆಂದು ಹೇಳಲಾಗಿತ್ತು. ವಿಮಾನಸಂಚಾರದ ಅಧಿಕಾರಿಗಳು ಅಷ್ಟು ಎತ್ತರಕ್ಕೆ ಒಪ್ಪಿಗೆಯನ್ನೀಯಲಿಲ್ಲ. 2020ರಲ್ಲಿ ಕೆಲಸ ಮುಗಿದಾಗ ಸೌಧವು 76 ಅಂತಸ್ತು, 280 ಮೀಟರುಗಳಿಗೆ ನಿಂತಿತು. ಮಾನವನ ಸಂಕಲ್ಪಕ್ಕೆ ಆಕಾಶದಲ್ಲಿಯೂ ಒಂದು ಎಲ್ಲೆಯಿದೆಯೆಂಬುದಕ್ಕೆ ಇದೊಂದು ನಿದರ್ಶನ.

ಆ ನೆಲದಲ್ಲಿ ಮೊದಲು ಶ್ರೀನಿವಾಸ ಮಿಲ್ಲು ಎಂಬ ಬಟ್ಟೆಯ ಗಿರಣಿಯಿದ್ದಿತು. 1982ರ ಮಹಾಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದಲ್ಲಿ ಸೌಧಗಳು ಎದ್ದವು. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರವನ್ನು ಸಾಗಿಸಿ ನೂಲಿನ ಕಾಯಕ ಮಾಡಿದವರ ಎಡೆ ಅದು. ನೇಯ್ಗೆಯ ಕಾಯಕದಿಂದಲೇ ಶಿವನನ್ನೊಲಿಸಿದ ಜೇಡರ ದಾಸಿಮಯ್ಯನವರನ್ನು ನೆನೆಯುವ ಭಕ್ತರಿಗೆ ಈ ಸಂಗತಿ ಸಣ್ಣದೆಂದು ತೋರಲಾರದು.

ಸೌಧವನ್ನು ಕಟ್ಟುವುದೂ ಕಾಯಕವೇ. ಕಂಬಿ ಕಟ್ಟಿದವನದು, ಗಾರೆ ಹೊತ್ತವಳದು ಸತ್ಯಶುದ್ಧ ಬೆವರು. ಆದರೆ ಬಾಗಿಲನ್ನು ನಿಲ್ಲಿಸಿದವನಿಗೆ ಮುಂದೆ ಅದೇ ಬಾಗಿಲಲ್ಲಿ ಪ್ರವೇಶವಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಿಂದ ದೊಡ್ಡ ನಗರಗಳಿಗೆ ಗುಳೆ ಹೋಗುವ ಕೂಲಿಕಾರರು ಈ ಮಾತನ್ನು ಚೆನ್ನಾಗಿ ಬಲ್ಲರು.

ಹಾಗಾದರೆ ಕಟ್ಟಿದುದರಲ್ಲಿ ಉಳಿಯುವುದು ಯಾವುದು? ಇದನ್ನರಿಯಲು ಬುಕ್ಕಸಾಗರದ ಭಕ್ತರು ದೂರ ಹೋಗಬೇಕಾಗಿಲ್ಲ. ಹತ್ತಿರದ ಹಂಪೆಯಲ್ಲಿ ಅರಸರ ಅರಮನೆಗಳು ಮೆರೆದಿದ್ದವು. 1565ರ ಯುದ್ಧದ ತರುವಾಯ ನಗರವು ಹಾಳಾಯಿತು. ಮರದ ಮೇಲ್ಕಟ್ಟಡಗಳು ಅಳಿದು ಕಲ್ಲಿನ ಜಗತಿಗಳು ಮಾತ್ರ ಉಳಿದವು. ಆದರೆ ಅದೇ ವಿಜಯನಗರದ ಕಾಲದಲ್ಲಿ ತೋಡಿದ ರಾಯ, ಬಸವಣ್ಣ, ತುರ್ತು ಕಾಲುವೆಗಳಲ್ಲಿ ತುಂಗಭದ್ರೆಯ ನೀರು ಇಂದಿಗೂ ಹರಿಯುತ್ತಿದೆ. ಹೊಸಪೇಟೆ ಹಂಪೆಗಳ ಸುತ್ತಣ ಬಾಳೆ, ಬತ್ತ, ಕಬ್ಬುಗಳನ್ನು ಬೆಳೆಸುತ್ತಿದೆ. ಒಬ್ಬರಿಗಾಗಿ ಎದ್ದುದು ಬಿದ್ದಿತು, ಹಲವರಿಗಾಗಿ ಹರಿದುದು ಬಾಳಿತು. ದಾಸೋಹತತ್ತ್ವದ ಮರ್ಮವೂ ಇದೇ.

ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ‘ಮಹಾಮನೆ’ ಎಂಬ ಹೆಸರು ಬಂದುದು ಅಂತಸ್ತುಗಳಿಂದಲ್ಲ. ಕುಲವನ್ನೆಣಿಸದೆ ಶರಣಸಂಕುಲವನ್ನು ಒಳಕ್ಕೆ ಕರೆದು ಉಣಿಸಿದ ಬಾಗಿಲೇ ಅದನ್ನು ಮಹತ್ತಾಗಿಸಿತು.

ಈಗ ಪ್ರತಿಯೊಬ್ಬ ಗೃಹಸ್ಥನೂ ತನ್ನ ಹೊಸ್ತಿಲನ್ನು ನೋಡಿಕೊಳ್ಳಲಿ. ನೆರೆಯವನು ಮಾಳಿಗೆಯೇರಿಸಿದನೆಂದು ಸಾಲ ಮಾಡಿ ತಾನೂ ಏರಿಸುವವನು, ಗೃಹಪ್ರವೇಶದ ದಿನ ಬಂಧುಗಳಿಗೆ ಹೋಳಿಗೆಯ ಊಟವನ್ನಿಕ್ಕಿ, ಗೌಂಡಿಯ ಕಡೆಯ ವಾರದ ಕೂಲಿಯನ್ನು “ನಾಳೆ ಬಾ” ಎಂದು ತಳ್ಳಿದರೆ, ಆ ಮನೆಯ ಪೂಜೆಯು ಯಾರನ್ನು ಮುಟ್ಟೀತು? ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವನು ಅದೇ ಅಂಗೈಯಲ್ಲಿ ಮತ್ತೊಬ್ಬನ ಬೆವರಿನ ಹಣವನ್ನು ಅದುಮಿ ಹಿಡಿಯಲಾಗದು. ಮೊದಲು ಕೂಲಿ, ಅನಂತರ ಕಲಶ. ಮೊದಲ ಪಂಕ್ತಿಯಲ್ಲಿ ಕಟ್ಟಿದವರು ಕುಳಿತು ಉಣ್ಣಲಿ. ಮನೆಯವರು ಅವರಿಗೆ ಬಡಿಸಲಿ. ಅಂತಹ ಮನೆ ಒಂದಂಕಣದ್ದಾದರೂ ಮಹಾಮನೆಯೇ ಸರಿ.