ಗರ್ಭಸ್ಥ ಶಿಶುವಿನ ಹೊಣೆ ಯಾರದು?

ಬಸುರಿಯನ್ನು ಆದರಿಸುವುದು ನಮ್ಮ ನಾಡಿನ ಹಳೆಯ ರೂಢಿ. ಉಡಿ ತುಂಬುತ್ತೇವೆ, ಹಸಿರು ಬಳೆ ತೊಡಿಸುತ್ತೇವೆ, ಬಯಕೆಯನ್ನು ಕೇಳಿ ತೀರಿಸುತ್ತೇವೆ. ಆದರೆ ಆಕೆಯ ಗರ್ಭಕ್ಕೆ ಹೊಸ ರೋಗವೊಂದರ ಭಯ ಒದಗಿದಾಗ, “ನೀನು ಜೋಕೆಯಾಗಿರು” ಎಂದು ಹೇಳಿ ಸುಮ್ಮನಾಗುತ್ತೇವೆ. ಇಷ್ಟರಿಂದ ನಮ್ಮ ಕರ್ತವ್ಯವು ತೀರಿತೇ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಝೀಕಾ ವೈರಾಣುವು 1947ರಲ್ಲಿ ಯುಗಾಂಡಾದ ಝೀಕಾ ಎಂಬ ಕಾಡಿನ ಕೋತಿಯೊಂದರಲ್ಲಿ ಮೊದಲು ಕಂಡುಬಂದಿತು. ಬಹುಕಾಲ ಲೋಕವು ಅದನ್ನು ಅಲ್ಪ ಜ್ವರವೆಂದೇ ಬಗೆದಿತ್ತು. 2015ರಲ್ಲಿ ಬ್ರೆಜಿಲಿನಲ್ಲಿ ಅದು ಹಬ್ಬಿ, ಅನೇಕ ಶಿಶುಗಳು ಮಿದುಳು ಸರಿಯಾಗಿ ಬೆಳೆಯದೆ, ಕಿರಿದಾದ ತಲೆಯೊಡನೆ ಹುಟ್ಟಿದ ಮೇಲೆ ಲೋಕದ ಕಣ್ಣು ತೆರೆಯಿತು. ಗರ್ಭಕಾಲದಲ್ಲಿ ಸೋಂಕು ತಗಲಿದ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 5ರಿಂದ 15ರಷ್ಟು ಮಕ್ಕಳಿಗೆ ಇಂತಹ ಊನಗಳುಂಟಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಇದಕ್ಕೆ ಲಸಿಕೆಯಿಲ್ಲ, ನಿರ್ದಿಷ್ಟವಾದ ಔಷಧವೂ ಇಲ್ಲ.

ಇದು ದೂರದ ಮಾತಲ್ಲ. 2021ರಲ್ಲಿ ಕೇರಳದಲ್ಲಿಯೂ, 2022ರ ಡಿಸೆಂಬರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿಯೂ, 2024ರಲ್ಲಿ ಪುಣೆಯ ಹಲವು ಗರ್ಭಿಣಿಯರಲ್ಲಿಯೂ ಈ ಸೋಂಕು ಕಾಣಿಸಿಕೊಂಡಿತು. ಈ ಮೂರು ನಾಡುಗಳೊಡನೆ ಗೋವೆಗೆ ರೈಲು ಬಸ್ಸುಗಳ ನಿತ್ಯದ ನಂಟು. ರೋಗವನ್ನು ಹರಡುವ ಈಡಿಸ್ ಸೊಳ್ಳೆಯಂತೂ ಇಲ್ಲಿ ಹೊಸದಲ್ಲ. ಗೋವೆಯಲ್ಲಿ ಡೆಂಗ್ಯೂ ಜ್ವರವನ್ನು ತರುವುದೂ ಅದೇ.

ಈಗ ಧರ್ಮದ ಪ್ರಶ್ನೆಗೆ ಬರೋಣ. 2016ರಲ್ಲಿ ಎಲ್ ಸಾಲ್ವಡಾರ್ ದೇಶದ ಸರಕಾರವು 2018ರವರೆಗೆ ಗರ್ಭ ಧರಿಸಬೇಡಿರೆಂದು ಸ್ತ್ರೀಯರಿಗೆ ಸಲಹೆ ನೀಡಿತು. ನೀರು ನಿಲ್ಲಿಸಿದವರು ಎಲ್ಲರೂ; ವ್ರತ ಮಾತ್ರ ಸ್ತ್ರೀಯರಿಗೆ! ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದುದರಿಂದ ರಾತ್ರಿಯ ಪರದೆಯೊಂದೇ ಸಾಲದು. ವಾಸ್ಕೋದ ಬಾಡಿಗೆಯ ಕೋಣೆಯಲ್ಲಿ ನೀರು ಹಿಡಿದಿಡುವ ಬಸುರಿ ತನ್ನ ಕೊಡವನ್ನು ಮುಚ್ಚಬಲ್ಲಳು. ನೆರೆಯವರ ಟೈರನ್ನು, ಕಟ್ಟುತ್ತಿರುವ ಮಹಡಿಯ ಮೇಲೆ ನಿಂತ ಮಳೆಯ ನೀರನ್ನು ಆಕೆ ಹೇಗೆ ಚೆಲ್ಲಿಯಾಳು?

“ನಮಗೆ ಜ್ವರವೇ ಇಲ್ಲ, ನಮ್ಮಿಂದ ಯಾರಿಗೇನು ಹಾನಿ?” ಎಂದು ಕೇಳುವವರುಂಟು. ಸೋಂಕು ತಗಲಿದ ಐವರಲ್ಲಿ ಸುಮಾರು ನಾಲ್ವರಿಗೆ ಯಾವ ಲಕ್ಷಣವೂ ತೋರದು. ಆರೋಗ್ಯವಂತನೆಂದು ತಿರುಗುವವನ ರಕ್ತವನ್ನು ಹೀರಿದ ಸೊಳ್ಳೆಯೇ ಗರ್ಭಿಣಿಯನ್ನು ಕಚ್ಚಬಹುದು. ಅರಿಯದೆ ಆದ ಕೇಡಿಗೆ ದೋಷವಿಲ್ಲವೆಂದು ಒಪ್ಪೋಣ. ಆದರೆ ಹೀಗಾಗುವುದುಂಟೆಂದು ತಿಳಿದ ಮೇಲೂ ಉದಾಸೀನನಾಗಿರುವವನಿಗೆ ಆ ಮಾತು ಸಲ್ಲದು. ತಿಳಿವಳಿಕೆ ಬಂದೊಡನೆ ಹೊಣೆಯೂ ಬರುತ್ತದೆ. ವಿದ್ಯೆಯನ್ನು ಕಲಿಸುವ ನಾವು ಇದನ್ನು ಮರೆಯಲಾಗದು.

ಮಾಡಬೇಕಾದುದು ಕಷ್ಟವಲ್ಲ. ಮೊಟ್ಟೆಯು ಸೊಳ್ಳೆಯಾಗಲು ಸಾಮಾನ್ಯವಾಗಿ ವಾರ ಹತ್ತು ದಿನಗಳು ಬೇಕು. ಆದುದರಿಂದ ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಬೇಕು. ಮೊಟ್ಟೆಗಳು ಒಣಗಿದ ಪಾತ್ರೆಯಲ್ಲಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ದಾಂಪತ್ಯ ಸಂಬಂಧದಿಂದಲೂ ಸೋಂಕು ಹರಡುವುದರಿಂದ, ರೋಗವಿದ್ದ ಊರಿನಿಂದ ಬಂದ ಪತಿಯು ಪತ್ನಿಯ ಗರ್ಭಕಾಲವೆಲ್ಲ ವೈದ್ಯರ ಸಲಹೆಯಂತೆ ಸಂಯಮದಿಂದಿರಬೇಕು. ಊನದೊಡನೆ ಹುಟ್ಟಿದ ಕೂಸನ್ನು ಕಂಡು ತಾಯಿಯನ್ನು ದೂರುವುದಂತೂ ಸರ್ವಥಾ ಅನ್ಯಾಯ.

ವಿದ್ಯಾರ್ಥಿಗಳೇ, ಇನ್ನೂ ಹುಟ್ಟದ ಕೂಸು ತನ್ನ ಪರವಾಗಿ ವಾದಿಸಲಾರದು. ಅದಕ್ಕೆ ನಾವು ಮೊದಲು ಸಲ್ಲಿಸಬಹುದಾದ ಸೇವೆಯೆಂದರೆ, ಶಾಲೆಯ ಹಿತ್ತಲಲ್ಲಿ ಮಳೆನೀರು ತುಂಬಿ ಬಿದ್ದಿರುವ ತೆಂಗಿನ ಚಿಪ್ಪನ್ನು ಮಗುಚಿಹಾಕುವುದು.